ಅಟ್ಟದಲ್ಲಿ ಸಿಕ್ಕ 140 ಗ್ರಾಮಫೋನ್ ತಟ್ಟೆಗಳು: ಮಳೆಗಾಲಕ್ಕೆ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾಪೋಕ್ಲಿನಿಂದ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲಿನ ನಮ್ಮ ಹಳೆಯ ಮನೆಯಲ್ಲಿ ಅಜ್ಜ ಕೂಡಿಸಿಟ್ಟಿದ್ದ ಸುಮಾರು 140 ಗ್ರಾಮಫೋನ್ ತಟ್ಟೆಗಳಿವೆ. ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಹೆಂಚು ಬದಲಿಸುವುದಕ್ಕಾಗಿ ಅಟ್ಟ ಖಾಲಿ ಮಾಡಿಸುವಾಗ ಎರಡು ಕಬ್ಬಿಣದ ಟ್ರಂಕುಗಳಲ್ಲಿ ಅವು ಸಿಕ್ಕವು. ಸುಮಾರು 80 ತಟ್ಟೆಗಳು 10 ಇಂಚಿನವು, ಕೈಗೆ ಭಾರವಾದವು, 35 ಸಣ್ಣವು, ಉಳಿದ 25 ದೊಡ್ಡ ಎಲ್‌ಪಿಗಳು. ಪಿ. ಕಾಳಿಂಗರಾಯರ ಭಾವಗೀತೆಗಳು, ಟಿ. ಚೌಡಯ್ಯನವರ ಪಿಟೀಲು, ನಾಟಕ ಕಂಪನಿಗಳ ಹಾಡುಗಳು, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ಸಿನಿಮಾ ಹಾಡುಗಳು ಇರುವುದು ಲೇಬಲ್‌ಗಳಿಂದ ತಿಳಿಯುತ್ತದೆ. ಕಾಗದದ ಕವರ್‌ಗಳನ್ನು ಹುಳು ತಿಂದಿದೆ, ಬಹುತೇಕ ತಟ್ಟೆಗಳ ಮೇಲೆ ಬಿಳಿಯ ಬೂಷ್ಟು ಇದೆ.

ನಾನು ಅವಸರದಲ್ಲಿ ಒಂದು ತಪ್ಪು ಮಾಡಿದೆ. ಬೂಷ್ಟು ಹೋಗಲೆಂದು ಭಾರದ ತಟ್ಟೆಯೊಂದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕಪ್ಪಾಯಿತು, ಒರೆಸಿದ ಜಾಗದ ಹೊಳಪು ಹೋಯಿತು. ಅಲ್ಲಿಗೇ ನಿಲ್ಲಿಸಿದ್ದೇನೆ.

ಮನೆಯಲ್ಲಿ 1970ರ ದಶಕದ ಪೆಟ್ಟಿಗೆಯಂಥ ರೆಕಾರ್ಡ್ ಪ್ಲೇಯರ್ ಒಂದಿದೆ. ಮೋಟಾರು ತಿರುಗುತ್ತದೆ, ಧ್ವನಿ ಬರುತ್ತದೆ, ಆದರೆ ದೊಡ್ಡ ಗುಂಯ್‌ ಸದ್ದು ಕೂಡ ಬರುತ್ತದೆ. ಅದರಿಂದಲೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಬಹುದೇ, ಅಥವಾ ಹೊಸದನ್ನು ಕೊಳ್ಳಬೇಕೇ? ಇನ್ನೊಂದು ವಿಷಯವೆಂದರೆ, ಒಂದು ತಟ್ಟೆಗೆ ಅಚ್ಚಾದ ಲೇಬಲ್ಲೇ ಇಲ್ಲ. ನಡುವಿನ ತೂತಿನ ಅಂಚಿನಲ್ಲಿ ಅಲ್ಯೂಮಿನಿಯಂ ಕಾಣುತ್ತದೆ. ಅಜ್ಜನ ತಮ್ಮ ಸೈನ್ಯದಲ್ಲಿದ್ದಾಗ ಯಾವುದೋ ಊರಿನಲ್ಲಿ ತಮ್ಮ ದನಿ ಹಿಡಿಸಿ ತಂದಿದ್ದರು ಎಂದು 86 ವರ್ಷದ ನಮ್ಮ ಅಜ್ಜಿ ಹೇಳುತ್ತಾರೆ. ಆ ಚಿಕ್ಕಜ್ಜನ ದನಿಯನ್ನು ನಮ್ಮಲ್ಲಿ ಅಜ್ಜಿಯ ಹೊರತು ಬೇರೆ ಯಾರೂ ಕೇಳಿಲ್ಲ. ಜೂನ್ ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಸಬೇಕೆಂಬ ಆಸೆಯಿದೆ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1: ಮಡಿಕೇರಿಯಿಂದ

ನಮಸ್ಕಾರ. ನಾನು ನನ್ನ ತಂದೆಯವರ ಸಂಗ್ರಹವನ್ನು ಮೂರು ಬೇಸಿಗೆಗಳಲ್ಲಿ ಇಳಿಸಿಕೊಂಡಿದ್ದೇನೆ. ನೀವು ಸರಿಯಾದ ಹೊತ್ತಿಗೆ ನಿಲ್ಲಿಸಿದ್ದೀರಿ. ಆ ಸ್ಪಿರಿಟ್ ಬಾಟಲಿಯನ್ನು ಆ 80 ತಟ್ಟೆಗಳ ಹತ್ತಿರವೂ ತರಬೇಡಿ. ಭಾರದ ಹಳೆಯ ತಟ್ಟೆಗಳು ವಿನೈಲ್ ಎಂಬ ಪ್ಲಾಸ್ಟಿಕ್‌ನವಲ್ಲ, ಅವು ಅರಗಿನವು. ಅರಗಿಗೆ ನುಣ್ಣನೆಯ ಕಲ್ಲುಪುಡಿಯನ್ನೂ ಕಪ್ಪು ಬಣ್ಣಕ್ಕೆ ಇಂಗಾಲದ ಪುಡಿಯನ್ನೂ ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದವು. ಬಡಗಿಗಳು ಮರಕ್ಕೆ ಪಾಲಿಶ್ ಕೊಡಲು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸುವುದನ್ನು ನೀವು ನೋಡಿರಬಹುದು. ನಿಮ್ಮ ಬಟ್ಟೆಗೆ ಅಂಟಿದ ಕಪ್ಪು ಕೊಳೆಯಲ್ಲ, ತಟ್ಟೆಯ ಮೈಯೇ. ಹಾಡಿನ ಗೆರೆಗಳು ಅದೇ ಮೈಯಲ್ಲಿರುವುದರಿಂದ ಕರಗಿದ್ದು ಮರಳಿ ಬರುವುದಿಲ್ಲ. ಆದರೆ ಒಂದು ಕಡೆ ಹೊಳಪು ಹೋದ ಮಾತ್ರಕ್ಕೆ ಇಡೀ ಹಾಡು ಹೋಯಿತೆಂದು ತಿಳಿಯಬೇಡಿ. ಆ ಜಾಗದಲ್ಲಿ ಸರಸರ ಸದ್ದು ಹೆಚ್ಚಾಗಬಹುದು, ಅಷ್ಟೇ.

ಆದ್ದರಿಂದ ಮೊದಲ ಕೆಲಸ ತೊಳೆಯುವುದಲ್ಲ, ಬೇರ್ಪಡಿಸುವುದು. ಲೇಬಲ್ ಮೇಲೆ 78 (ನಿಮಿಷಕ್ಕೆ ತಿರುಗುವ ಸುತ್ತುಗಳು) ಎಂದಿದ್ದರೆ, ತಟ್ಟೆ ದಪ್ಪವಾಗಿ, ಬಾಗದೆ, ಅಂಚು ಚಿಪ್ಪೆದ್ದ ಹಾಗಿದ್ದರೆ ಅದನ್ನು ಅರಗಿನದೆಂದೇ ಎಣಿಸಿ. ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆ 1928ರಲ್ಲಿ ಆರಂಭವಾಯಿತು. ಬೇರೆ ದೇಶಗಳು ಕೈಬಿಟ್ಟ ಮೇಲೂ, 1960ರ ದಶಕದಲ್ಲಿಯೂ, ನಮ್ಮ ದೇಶದಲ್ಲಿ 78ರ ತಟ್ಟೆಗಳು ತಯಾರಾಗುತ್ತಿದ್ದವು. ಹಾಗಾಗಿ ಹಾಡು ಹೊಸದೆಂಬ ಕಾರಣಕ್ಕೆ ತಟ್ಟೆ ವಿನೈಲ್ ಇರಬೇಕೆಂದು ಊಹಿಸಬಾರದು. 45 ಮತ್ತು 33⅓ ಎಂದಿರುವ ಹಗುರ ತಟ್ಟೆಗಳು ವಿನೈಲ್.

ಬೂಷ್ಟನ್ನು ಮನೆಯೊಳಗೆ ಕೊಡವಬೇಡಿ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಜಗಲಿಯ ನೆರಳಿನಲ್ಲಿ ಕುಳಿತು, ಮೆತ್ತನೆಯ ಬ್ರಷ್‌ನಿಂದ ಗೆರೆಗಳು ಸುತ್ತುವ ದಿಕ್ಕಿನಲ್ಲೇ ತೆಗೆಯಿರಿ. ಅಂಗಳದಲ್ಲಿ ಕಾಫಿ ಹರಡಿದಂತೆ ತಟ್ಟೆಗಳನ್ನು ಬಿಸಿಲಿಗೆ ಒಣಗಿಸುವ ಯೋಚನೆಯನ್ನು ಮಾತ್ರ ಮಾಡಬೇಡಿ. ಒಂದೇ ಮಧ್ಯಾಹ್ನದಲ್ಲಿ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ತೊಳೆಯಲು ನಮ್ಮ ಬಾವಿ ನೀರು ಬೇಡ, ಅದರಲ್ಲಿ ಕರಗಿರುವ ಲವಣ ಗೆರೆಯೊಳಗೇ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ. ಅದು ಬರೀ ನೀರೇ ಹೊರತು ಆಸಿಡ್ ಅಲ್ಲವೆಂದು ಚೀಟಿ ಓದಿ ತನ್ನಿ. ಒಂದು ಲೀಟರಿಗೆ ಬಣ್ಣ, ಪರಿಮಳವಿಲ್ಲದ ಸೌಮ್ಯವಾದ ಸೋಪಿನ ದ್ರವ ಎರಡು ಮೂರು ಹನಿ ಸಾಕು. ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಒದ್ದೆ ಮಾಡಿ ಒರೆಸಿ, ಮತ್ತೆ ಬರೀ ಡಿಸ್ಟಿಲ್ಡ್ ನೀರಿನಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ನೀರು ತೆಗೆದು, ತಟ್ಟೆಯನ್ನು ನಿಲ್ಲಿಸಿ ಆರಲು ಬಿಡಿ. ಅರಗಿನ ತಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಬಾರದು, ಏಕೆಂದರೆ ಬೆರೆಸಿದ ಪುಡಿ ತೇವ ಹೀರಿಕೊಳ್ಳಬಹುದು. ಲೇಬಲ್‌ಗೆ ನೀರು ತಾಗಬಾರದು. ವಿನೈಲ್ ಮೇಲಿನ ಬೂಷ್ಟು ಹೀಗೆ ಹೋಗದಿದ್ದರೆ, ಅದಕ್ಕೆ ಮಾತ್ರ, ನಾಲ್ಕು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಬಳಸಬಹುದು.

ತೊಳೆದ ತಟ್ಟೆಯನ್ನು ಹಳೆಯ ಕವರ್‌ಗೆ ಮತ್ತೆ ಹಾಕಬೇಡಿ, ಬೂಷ್ಟಿನ ಬೀಜ ಅಲ್ಲೇ ಇರುತ್ತದೆ. ಆದರೆ ಆ ಕವರ್‌ಗಳನ್ನು ಎಸೆಯಲೂ ಬೇಡಿ. ನನ್ನ ತಂದೆ ಪ್ರತಿ ಕವರ್ ಮೇಲೆ ಕೊಂಡ ಊರು, ತಾರೀಕು, ಬೆಲೆ ಬರೆದಿದ್ದರು. ಅವನ್ನೆಲ್ಲ ಫೋಟೋ ತೆಗೆದು, ಬೇರೆಯಾಗಿ ಕಟ್ಟಿಟ್ಟಿದ್ದೇನೆ.

ಮುಳ್ಳಿನ ಬಗ್ಗೆ ನಾನು ತುಂಬ ತಡವಾಗಿ ಕಲಿತ ಪಾಠವೊಂದಿದೆ. 78ರ ತಟ್ಟೆಯ ಗೆರೆ ಅಗಲ, ಎಲ್‌ಪಿಯ ಗೆರೆ ಕಿರಿದು. ಎಲ್‌ಪಿಗೆ ಬಳಸುವ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ ಇದ್ದರೆ, 78ಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನ್. ಸಣ್ಣ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ಗೋಡೆಗಳನ್ನು ಮುಟ್ಟದೆ ತಳದಲ್ಲಿ, ದಶಕಗಳ ಧೂಳಿನಲ್ಲಿ ಓಡಾಡುತ್ತದೆ. ಹಾಡಿಗಿಂತ ಮರಳಿನ ಸದ್ದೇ ಹೆಚ್ಚು ಕೇಳುತ್ತದೆ. ನಾನು ಮೊದಲ ಬೇಸಿಗೆಯಲ್ಲಿ ಇಳಿಸಿದ 50 ತಟ್ಟೆಗಳನ್ನು ಸರಿಯಾದ ಮುಳ್ಳು ಸಿಕ್ಕ ಮೇಲೆ ಪುನಃ ಇಳಿಸಬೇಕಾಯಿತು. ಅದೇ ಗಾಯಕ, ಅದೇ ತಟ್ಟೆ, ಆದರೆ ಎರಡನೆಯ ಸಲ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಒಂದು ಹೊಸ 78ರ ಮುಳ್ಳಿಗೆ ಹಾಕುವ ಹಣವನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಕೀಲಿ ಕೊಡುವ ಹಳೆಯ ಗ್ರಾಮಫೋನ್ ಮನೆಯಲ್ಲಿದ್ದರೆ ಅದರ ಮೇಲೆ ಎಲ್‌ಪಿಯನ್ನು ಎಂದಿಗೂ ಹಾಕಬೇಡಿ. ಆ ಉಕ್ಕಿನ ಮುಳ್ಳಿನ ಭಾರಕ್ಕೆ ವಿನೈಲ್‌ನ ಗೆರೆಗಳು ಒಂದೇ ಸುತ್ತಿನಲ್ಲಿ ಹಾಳಾಗುತ್ತವೆ.

ಉತ್ತರ 2: ಗೋಣಿಕೊಪ್ಪಲಿನಿಂದ

ಮಡಿಕೇರಿಯವರು ತಟ್ಟೆಯ ವಿಚಾರವನ್ನು ವಿವರವಾಗಿ ಹೇಳಿದ್ದಾರೆ. ರೇಡಿಯೋ ರಿಪೇರಿ ಮಾಡುತ್ತ ಬಂದವನಾಗಿ ನಾನು ಯಂತ್ರದ ಬಗ್ಗೆ ಬರೆಯುತ್ತೇನೆ.

ಆ ಕಾಲದ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಇರುತ್ತದೆ. ಅದು ತಟ್ಟೆಯ ಮೇಲೆ ನಾಲ್ಕರಿಂದ ಆರು ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು ಭಾರ ಹಾಕುತ್ತದೆ. ಈಗಿನ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಿಗೆ ಒಂದೂವರೆಯಿಂದ ಮೂರು ಗ್ರಾಂ ಸಾಕು. ಮುಳ್ಳು ಎಷ್ಟು ಸವೆದಿದೆಯೋ ತಿಳಿಯದಿರುವಾಗ ಅಜ್ಜನ ತಟ್ಟೆಗಳನ್ನು ಅದಕ್ಕೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ. ಆ ಪ್ಲೇಯರನ್ನು ಮನೆಯ ನೆನಪಿಗೆ ಇಟ್ಟುಕೊಂಡು, 33, 45 ಮತ್ತು 78 ಮೂರೂ ವೇಗವಿರುವ, ಮುಳ್ಳು ಬದಲಿಸಲು ಬರುವ ಟರ್ನ್‌ಟೇಬಲ್ ಒಂದನ್ನು ಕೊಳ್ಳಿ, ಅಥವಾ ಎರಡು ತಿಂಗಳ ಮಟ್ಟಿಗೆ ಯಾರಿಂದಲಾದರೂ ಪಡೆಯಿರಿ. ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವುದು ಕೇವಲ ಮೂರರಿಂದ ಐದು ಮಿಲಿವೋಲ್ಟ್. ಅದನ್ನು ಹಿಗ್ಗಿಸಿ, ತಟ್ಟೆ ಕೊರೆಯುವಾಗ ಬೇಕೆಂದೇ ತಗ್ಗಿಸಿದ ಮಂದ್ರವನ್ನೂ ಎತ್ತರಿಸಿದ ತಾರವನ್ನೂ ಮೊದಲಿನಂತೆ ಮಾಡಲು ನಡುವೆ ಫೋನೋ ಪ್ರೀಆಂಪ್ ಬೇಕು. ಈ ಏರಿಳಿತದ ಅಳತೆ 1954ರ ನಂತರ ಆರ್‌ಐಎಎ ಎಂಬ ಒಂದೇ ಕ್ರಮಕ್ಕೆ ಬಂತು. ಅದಕ್ಕೂ ಹಳೆಯ 78ಗಳಲ್ಲಿ ಅಳತೆ ಬೇರೆಯಿರಬಹುದು. ಅವನ್ನೂ ಇದೇ ಪ್ರೀಆಂಪ್‌ನಲ್ಲಿ ಇಳಿಸಿ, ಮಂದ್ರ ಹೆಚ್ಚೋ ಕಡಿಮೆಯೋ ಎಂದು ಕಿವಿಗೆ ಕೇಳಿದಂತೆ ನಂತರ ತಿದ್ದಿಕೊಳ್ಳಬಹುದು. ಪ್ರೀಆಂಪ್‌ನಿಂದ, ಧ್ವನಿಯನ್ನು ಕಂಪ್ಯೂಟರಿಗೆ ಒಪ್ಪುವಂತೆ ಮಾಡುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ತಂತಿ ಹೋಗಬೇಕು. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರವಾಗಿ ಚುಚ್ಚಬೇಡಿ, ಧ್ವನಿ ಒಡೆಯುತ್ತದೆ.

ಗುಂಯ್‌ ಸದ್ದಿನ ಮೂಲ ಹೆಚ್ಚಾಗಿ ಅರ್ಥಿಂಗ್. ಟರ್ನ್‌ಟೇಬಲ್‌ನ ತೆಳ್ಳನೆಯ ಅರ್ಥ್ ತಂತಿಯನ್ನು ಪ್ರೀಆಂಪ್‌ನ ತಿರುಪಿಗೆ ಬಿಗಿಯಿರಿ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಸದ್ದು ನಿಂತಿದೆ. ನಮ್ಮ ಕಡೆ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಹೇಳುತ್ತಿದ್ದೇನೆ: ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಟರ್ನ್‌ಟೇಬಲ್ ಓಡಿಸಿದರೆ ಇನ್ನೊಂದು ಬಗೆಯ ಗೊರಗೊರ ಸದ್ದು ಸೇರಿಕೊಳ್ಳುತ್ತದೆ. ಕರೆಂಟು ಹೋದಾಗ ಕೆಲಸ ನಿಲ್ಲಿಸುವುದೇ ಒಳ್ಳೆಯದು.

ವಿದೇಶದ ನೆಂಟರು ಟರ್ನ್‌ಟೇಬಲ್ ತಂದುಕೊಡುವುದಾದರೆ ಜಾಗ್ರತೆ. ಅಮೆರಿಕದಿಂದ ಬಂದ ಹಳೆಯ ಪ್ಲೇಯರ್ ಒಂದನ್ನು ಟ್ರಾನ್ಸ್‌ಫಾರ್ಮರ್ ಸಮೇತ ನನ್ನ ಅಂಗಡಿಗೆ ತಂದಿದ್ದರು. ಹಾಡೆಲ್ಲ ನಿಧಾನ, ಗಾಯಕಿಯ ದನಿ ಗಂಡಸಿನದಾಗಿತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಜ್ ಬದಲಿಸುವುದಿಲ್ಲ. ಅಲ್ಲಿನ 60 ಹರ್ಟ್ಜ್‌ಗೆ ಮಾಡಿದ ಎಸಿ ಮೋಟಾರು ಇಲ್ಲಿನ 50 ಹರ್ಟ್ಜ್‌ನಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿದು, 33⅓ರ ಬದಲು ನಿಮಿಷಕ್ಕೆ ಸುಮಾರು 27.8 ಸುತ್ತು ತಿರುಗುತ್ತಿತ್ತು. ಶ್ರುತಿ ಹಾರ್ಮೋನಿಯಂನ ಮೂರು ಮನೆ ಕೆಳಗೆ ಹೋಗುವುದು ಸಹಜವೇ.

ಶ್ರುತಿಯ ಮಾತು ಬಂದಿದ್ದರಿಂದ ಇನ್ನೊಂದು. ಹಳೆಯ 78ಗಳೆಲ್ಲ ಸರಿಯಾಗಿ 78ರ ವೇಗದಲ್ಲೇ ಮುದ್ರಣವಾದವಲ್ಲ. ನಾಟಕದ ಹಾಡುಗಳಲ್ಲಿ ಹಾರ್ಮೋನಿಯಂ ಇರುವುದು ನಮ್ಮ ಭಾಗ್ಯ. ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ತರಿಸಿ ಜೊತೆಗೆ ಒತ್ತಿ ನೋಡಿ. ತಟ್ಟೆಯ ಶ್ರುತಿ ಎರಡು ಮನೆಗಳ ನಡುವೆ ನಿಂತರೆ ವೇಗದಲ್ಲಿ ವ್ಯತ್ಯಾಸವಿರಬಹುದೆಂದು ಅನುಮಾನಿಸಬಹುದು. ಹಾರ್ಮೋನಿಯಂನಿಂದ ಹಾರ್ಮೋನಿಯಂಗೆ ಶ್ರುತಿ ಅಷ್ಟಿಷ್ಟು ಬೇರೆಯಿರುವುದರಿಂದ ಇದು ಸಾಕ್ಷಿಯಲ್ಲ, ಸುಳಿವು ಮಾತ್ರ. ಪಿಟೀಲಿನ ತಟ್ಟೆಗಳಿಗೆ ಈ ಉಪಾಯ ನಡೆಯದು, ಅಲ್ಲಿ ಶ್ರುತಿ ಕಲಾವಿದರ ಇಷ್ಟ.

ಉತ್ತರ 3: ಮೈಸೂರಿನಿಂದ, ಊರು ಮಕ್ಕಂದೂರಿನ ಕಡೆ

ಆ ಲೇಬಲ್ ಇಲ್ಲದ ತಟ್ಟೆಯ ವಿಷಯ ಓದಿ ಬರೆಯದೆ ಇರಲಾಗಲಿಲ್ಲ. ದಯವಿಟ್ಟು ಅದನ್ನು ಒರೆಸಬೇಡಿ, ಒಮ್ಮೆಯೂ ಮುಳ್ಳು ಇಡಬೇಡಿ. ನೀವು ಹೇಳಿದ ಗುರುತಿನಿಂದ ಅದು ಅಲ್ಯೂಮಿನಿಯಂ ಹಾಳೆಯ ಮೇಲೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದು, ಅದರಲ್ಲೇ ನೇರವಾಗಿ ದನಿ ಕೊರೆದ ತಟ್ಟೆಯೆಂದು ತೋರುತ್ತದೆ. ನಡುತೂತಿನ ಪಕ್ಕದಲ್ಲಿ ಇನ್ನೊಂದು ಸಣ್ಣ ತೂತು ಇದೆಯೇ ನೋಡಿ, ಇಂಥ ತಟ್ಟೆಗಳಲ್ಲಿ ಅದು ಅನೇಕ ಸಲ ಇರುತ್ತದೆ. ಅಚ್ಚಿನಿಂದ ಒತ್ತಿದ ತಟ್ಟೆಗೆ ಸಾವಿರ ಪ್ರತಿಗಳಿರುತ್ತವೆ, ಕಾಳಿಂಗರಾಯರ ಹಾಡು ನಿಮ್ಮಲ್ಲಿ ಹಾಳಾದರೆ ಇನ್ನೊಬ್ಬರ ಮನೆಯಲ್ಲಿ ಸಿಕ್ಕೀತು. ಇದಕ್ಕೆ ಇದೊಂದೇ ಪ್ರತಿ.

ಲ್ಯಾಕರ್ ಮೆತ್ತಗಿರಲೆಂದು ಅದಕ್ಕೆ ಹರಳೆಣ್ಣೆ ಸೇರಿಸುತ್ತಿದ್ದರು. ವರ್ಷಗಳು ಕಳೆದಂತೆ ಆ ಎಣ್ಣೆಯ ಅಂಶ ಕೊಬ್ಬಿನ ಆಮ್ಲವಾಗಿ ಮೇಲಕ್ಕೆ ಬಂದು ಬಿಳಿಯ ಪುಡಿಯಂತೆ ಕೂರುತ್ತದೆ. ನೋಡಲು ಬೂಷ್ಟಿನಂತೆಯೇ ಇರುವ ಅದು ಬೂಷ್ಟಲ್ಲ. ಎಣ್ಣೆ ಹೋದ ಲ್ಯಾಕರ್ ಕುಗ್ಗುತ್ತದೆ, ಅಡಿಯ ಅಲ್ಯೂಮಿನಿಯಂ ಕುಗ್ಗುವುದಿಲ್ಲ, ಹಾಗಾಗಿ ಒಂದು ದಿನ ಮೇಲ್ಪದರ ಕೆರೆಯ ಕೆಸರು ಬಿರಿದಂತೆ ಬಿರುಕುಬಿಟ್ಟು ಏಳುತ್ತದೆ. ಏಳುವ ಮೊದಲು, ಬಲ್ಲವರ ಕೈಯಲ್ಲಿ ಒಂದೇ ಸಲ ನುಡಿಸಿ ಹಿಡಿಯಬೇಕು. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗೀಯ ಸಂಗೀತದ ಸಂಗ್ರಹಾಲಯವೊಂದು 1982ರಿಂದ ಧ್ವನಿಮುದ್ರಿಕೆಗಳನ್ನು ಕಾಪಾಡುವ ಕೆಲಸ ಮಾಡುತ್ತಿದೆ. ಅವರಿಗೆ ತಟ್ಟೆಯ ಎರಡೂ ಮುಖಗಳ ಫೋಟೋ ಕಳಿಸಿ, ಯಾರಿಂದ ಮಾಡಿಸುವುದು ಸರಿ ಎಂದು ಸಲಹೆ ಕೇಳಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಸುತ್ತದೆ, ಆಮ್ಲವಿಲ್ಲದ ಕಾಗದದಲ್ಲಿ ನಿಲ್ಲಿಸಿಡಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮ್ಮ ಮನೆಯ ಹಿಂಭಾಗ ಹೋಯಿತು. ಜನರೆಲ್ಲ ಉಳಿದರು, ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ನಾನು ಎರಡು ವರ್ಷ ಕುಳಿತು ತಂದೆಯ ತಟ್ಟೆಗಳನ್ನೆಲ್ಲ ಇಳಿಸಿದ್ದೆ. ತಟ್ಟೆಗಳೂ, ಇಳಿಸಿಟ್ಟಿದ್ದ ಹಾರ್ಡ್ ಡಿಸ್ಕೂ ಒಂದೇ ಬೀರುವಿನಲ್ಲಿದ್ದವು. ಎರಡನೆಯ ಪ್ರತಿಯನ್ನು ಇನ್ನೊಂದು ಊರಿನಲ್ಲಿ ಇಡಿ. ಇನ್ನೊಂದು ಕೋಣೆಯಲ್ಲಲ್ಲ, ಇನ್ನೊಂದು ಊರಿನಲ್ಲಿ.

ಮತ್ತೆ ಪ್ರಶ್ನೆ: ನಾಪೋಕ್ಲಿನಿಂದ

ಎಲ್ಲರಿಗೂ ತುಂಬ ಕೃತಜ್ಞತೆಗಳು. ತಟ್ಟೆಗಳನ್ನು ಬೇರ್ಪಡಿಸಿದ್ದೇನೆ. ಲೇಬಲ್ ಇಲ್ಲದ ತಟ್ಟೆಯಲ್ಲಿ ಎರಡನೆಯ ಸಣ್ಣ ತೂತು ಇದೆ, ಬಿಳಿಯ ಪುಡಿಯೂ ಇದೆ. ಅದನ್ನು ಮುಟ್ಟದೆ ಫೋಟೋ ತೆಗೆದಿದ್ದೇನೆ. ಮೂರು ವೇಗದ ಟರ್ನ್‌ಟೇಬಲ್ ಮತ್ತು ಎರಡು ಮುಳ್ಳುಗಳಿಗೆ ಹೇಳಿದ್ದಾಯಿತು. ಫೈಲುಗಳನ್ನು ಯಾವ ರೂಪದಲ್ಲಿ ಇಡಬೇಕು? ನಮ್ಮ ಕುಟುಂಬದವರು ಬೆಂಗಳೂರಿನಿಂದ ಕೆನಡಾದವರೆಗೆ ಇದ್ದಾರೆ, ಎಲ್ಲರೂ ಯೂಟ್ಯೂಬ್‌ಗೆ ಹಾಕಿ ಎನ್ನುತ್ತಿದ್ದಾರೆ. ಅದು ಸರಿಯೇ?

ಉತ್ತರ 4: ಮಡಿಕೇರಿಯಿಂದ

ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು. 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ವೇವ್ ಫೈಲ್ ಆಗಿ ಇಳಿಸಿ, ಎಂಪಿ3 ಆಗಿ ಅಲ್ಲ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 35 ಎಂಬಿ ಬೇಕು. ನಿಮ್ಮ 80 ಅರಗಿನ ತಟ್ಟೆಗಳಿಗೆ ಮುಖಕ್ಕೆ ಮೂರು ನಿಮಿಷ, ಸಣ್ಣವಕ್ಕೆ ಆರೂವರೆ, ಎಲ್‌ಪಿಗೆ ಇಪ್ಪತ್ತು ಎಂದು ಹಿಡಿದರೂ ಒಟ್ಟು 32 ಗಂಟೆ, 67 ಜಿಬಿಯಷ್ಟಾಗುತ್ತದೆ. ಇಂದಿನ ಡಿಸ್ಕ್‌ಗೆ ಅದು ಏನೂ ಅಲ್ಲ, ಆದ್ದರಿಂದ ಜಾಗ ಉಳಿಸುವ ಯೋಚನೆ ಬೇಡ. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ಮೊದಲೇ ಹೊಂದಿಸಿಕೊಳ್ಳಿ. ಒಡೆದ ಧ್ವನಿಯನ್ನು ಆಮೇಲೆ ಯಾರೂ ಸರಿಮಾಡಲಾರರು. 78ಗಳು ಮೋನೋ (ಒಂದೇ ಚಾನೆಲ್‌ನವು) ಆದರೂ ಎರಡೂ ಚಾನೆಲ್ ಇಳಿಸಿ, ಎಷ್ಟೋ ಸಲ ಗೆರೆಯ ಒಂದು ಗೋಡೆ ಇನ್ನೊಂದಕ್ಕಿಂತ ಕಡಿಮೆ ಸವೆದಿರುತ್ತದೆ.

ಹಾಗೆ ಇಳಿದ ಮೂಲ ಫೈಲನ್ನು ತಿದ್ದಬೇಡಿ. ಟಿಕ್ ಟಿಕ್ ಸದ್ದು ತೆಗೆಯುವುದು, ಸರಸರ ತಗ್ಗಿಸುವುದು ಎಲ್ಲವನ್ನೂ ಅದರ ನಕಲಿನ ಮೇಲೆ ಮಾಡಿ. ಸರಸರವನ್ನು ಪೂರ್ತಿ ಅಳಿಸುವ ಮೋಹ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದು ಆ ಸರಸರದ ನೆರೆಯಲ್ಲೇ ಇರುವುದರಿಂದ, ಒಂದನ್ನು ಬಲವಾಗಿ ತೆಗೆದರೆ ಇನ್ನೊಂದೂ ಹೋಗಿ ಚೌಡಯ್ಯನವರು ನೀರಿನಡಿಯಲ್ಲಿ ನುಡಿಸಿದಂತೆ ಕೇಳುತ್ತದೆ. ಫೈಲಿನ ಹೆಸರಿನಲ್ಲಿ ಲೇಬಲ್‌ನ ನಂಬರು, ಮುಖ, ಹಾಡಿನ ಮೊದಲ ಸಾಲು ಇರಲಿ; ಹಾಡು ಮುಗಿದ ಮೇಲಿನ ಖಾಲಿ ವೃತ್ತದಲ್ಲಿ ಕೊರೆದಿರುವ ಸಣ್ಣ ಅಂಕಿಗಳನ್ನೂ ಟಾರ್ಚ್ ಓರೆ ಹಿಡಿದು ಓದಿ ಬರೆದುಕೊಳ್ಳಿ. ಇಳಿಸುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡು ಮುಗಿದೊಡನೆ ಅವರು ಹೇಳುವುದನ್ನು ಮೊಬೈಲ್‌ನಲ್ಲಿ ಹಿಡಿದು ಅದೇ ನಂಬರಿನಲ್ಲಿ ಸೇರಿಸಿ. ನನ್ನ ತಂದೆ ಇದ್ದಾಗ ನನಗೆ ಇದು ಹೊಳೆಯಲಿಲ್ಲ.

ಯೂಟ್ಯೂಬ್ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಸ್ವಂತದ, ಖಾಸಗಿ ಬಳಕೆಯನ್ನು ಒಪ್ಪುತ್ತದೆ, ಆದ್ದರಿಂದ ನಿಮ್ಮ ತಟ್ಟೆಯನ್ನು ನೀವು ಕೇಳಲು ಇಳಿಸಿಕೊಳ್ಳುವುದಕ್ಕೆ ಅಂಜಬೇಕಿಲ್ಲ. ಲೋಕಕ್ಕೆಲ್ಲ ಹಂಚುವುದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅದು ಮುಗಿದಿದ್ದರೂ ಕವಿತೆಯ ಹಕ್ಕು ಕವಿ ತೀರಿದ ನಂತರ 60 ವರ್ಷ ಉಳಿಯುತ್ತದೆ. ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ಅವರ ಕವಿತೆ ಹಾಡಿದ ತಟ್ಟೆ ಎಷ್ಟೇ ಹಳೆಯದಾದರೂ ಸಾಹಿತ್ಯದ ಹಕ್ಕು 2054ರ ಕೊನೆಯವರೆಗೆ ಇದೆ. ಕುಟುಂಬದವರು ಮನೆಗೆ ಬಂದಾಗ ಕೂಡಿ ಕೇಳಲಿ, ಅಂತರ್ಜಾಲಕ್ಕೆ ಏರಿಸಬೇಡಿ ಎಂಬುದು ನನ್ನ ಸಲಹೆ. ಚಿಕ್ಕಜ್ಜನ ತಟ್ಟೆಯಲ್ಲಿ ಬರೀ ಅವರ ಮಾತಿದ್ದರೆ, ಅದನ್ನು ಯಾರೊಂದಿಗೆ ಹಂಚಬೇಕೆಂಬುದು ನಿಮ್ಮ ಮನೆಯವರು ಕೂಡಿ ತೀರ್ಮಾನಿಸುವ ವಿಷಯ.

ಮಳೆಗಾಲದಲ್ಲಿ ತಟ್ಟೆಗಳನ್ನು ಅಟ್ಟಕ್ಕೆ ಹಿಂದಿರುಗಿಸಬೇಡಿ, ಒಲೆಯ ಮೇಲಿನ ಬೆಚ್ಚಗಿನ ಜಾಗವೂ ಬೇಡ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೇರ ನಿಲ್ಲಿಸಿ. ಬಟ್ಟೆಯ ಬೀರುವಿನಲ್ಲಿ ಬಲ್ಬ್ ಉರಿಸಿಡುವ ನಮ್ಮ ಹಳೆಯ ಪದ್ಧತಿ ತಟ್ಟೆಗಳಿಗೆ ಅಪಾಯ, ಬಲ್ಬ್ ಬಳಿಯ ವಿನೈಲ್ ಬಾಗುತ್ತದೆ. ಮುಚ್ಚಿದ ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ.

ನಾಪೋಕ್ಲಿನಿಂದ, ಮೇ ಕೊನೆಯಲ್ಲಿ

ಅರಗಿನ ತಟ್ಟೆಗಳೆಲ್ಲ ಇಳಿದಿವೆ, ಎಲ್‌ಪಿಗಳು ಹನ್ನೊಂದು ಬಾಕಿ. ಸ್ಪಿರಿಟ್ ತಾಗಿದ ತಟ್ಟೆಯಲ್ಲಿ ಸುಮಾರು ಇಪ್ಪತ್ತು ಸೆಕೆಂಡು ಮಾತ್ರ ಮಸುಕಾಗಿದೆ, ಹಾಡು ಉಳಿದಿದೆ. ಅಜ್ಜಿ ಹೇಳಿದ್ದನ್ನು 43 ತುಣುಕುಗಳಲ್ಲಿ ಹಿಡಿದಿದ್ದೇನೆ. ಲೇಬಲ್ ಹರಿದುಹೋಗಿದ್ದ ಆರು ನಾಟಕದ ಹಾಡುಗಳಲ್ಲಿ ನಾಲ್ಕನ್ನು ಅವರು ಮೊದಲ ಸಾಲಿಗೇ ಗುರುತಿಸಿದರು. ಒಂದು ಡಿಸ್ಕ್ ಇಲ್ಲಿದೆ, ಇನ್ನೊಂದನ್ನು ಅಕ್ಕ ಮೈಸೂರಿಗೆ ಒಯ್ದಿದ್ದಾರೆ. ಲೇಬಲ್ ಇಲ್ಲದ ತಟ್ಟೆಯನ್ನು ಕಾಗದದಲ್ಲಿ ಸುತ್ತಿ ಅವರ ಜೊತೆಗೇ ಕಳಿಸಿದ್ದೇನೆ, ಅಲ್ಲಿ ಇಲ್ಲಿಯಷ್ಟು ತೇವವಿಲ್ಲ. ಫೋಟೋಗಳನ್ನು ಗುರುಗ್ರಾಮಕ್ಕೆ ಕಳಿಸಿ ಹತ್ತು ದಿನವಾಯಿತು. ಉತ್ತರ ಬಂದ ದಿನ ಇಲ್ಲಿಯೇ ಬರೆಯುತ್ತೇನೆ.